ಮುಂಚೂಣಿಯ ಆಟಗಾರ ಸುನಿಲ್ ಛೆಟ್ರಿ

ಕೃಷ್ಣಾ ನದಿಯ ದಂಡೆಯ ಮೇಲಿರುವ ನಮ್ಮ ಕುಡಚಿಯಲ್ಲಿ ಆಟವೆಂದರೆ ಹಿರಿಯರ ನೆನಪಿಗೆ ಮೊದಲು ಬರುವುದು ಕುಸ್ತಿ. ಅದರ ಬೆನ್ನಿಗೆ ಕಬಡ್ಡಿ. ತಾಲೀಮಿನ ಕೆಂಪು ಮಣ್ಣು ಮೈಗೆ ಹತ್ತದ ಮನೆತನ ಈ ಸೀಮೆಯಲ್ಲಿ ಕಡಿಮೆ. ಕ್ರಿಕೆಟ್ಟು ಹೇಗೂ ಎಲ್ಲ ಊರುಗಳನ್ನೂ ಹೊಕ್ಕಂತೆ ನಮ್ಮೂರನ್ನೂ ಹೊಕ್ಕಿದೆ. ಕಾಲ್ಚೆಂಡಾಟ ಮಾತ್ರ ಇಲ್ಲಿ ಬಂಧುವಿನ ಮನೆಗೆ ಅಪರೂಪಕ್ಕೆ ಬಂದ ಅತಿಥಿಯಂತೆ ಉಳಿದಿದೆ. ಆದುದರಿಂದ ಕನ್ನಡ ಪಾಠ ಹೇಳುವ ನನ್ನಂಥವನು ಆ ಆಟದ ಕುರಿತು ಬರೆಯಹೊರಟಿರುವುದಕ್ಕೆ ಕಾರಣವನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

ಒಂದು ಶನಿವಾರ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಸಮವಸ್ತ್ರದ ಬದಲಿಗೆ ನೀಲಿ ಬಣ್ಣದ ಅಂಗಿಯೊಂದನ್ನು ತೊಟ್ಟು ಬಂದಿದ್ದನು. ಬೆನ್ನ ಮೇಲೆ ದೊಡ್ಡದಾಗಿ 11 ಎಂದು ಅಚ್ಚಾಗಿತ್ತು. ‘ಇದೇನಲೇ, ನಿನ್ನ ಹಾಜರಿ ನಂಬರೇನು?’ ಎಂದೆ. ಅವನು ತಲೆ ತಗ್ಗಿಸಿ, ‘ಅಲ್ರೀ ಸರ, ಇದು ಛೆಟ್ರಿಂದರೀ’ ಎಂದನು. ‘ಯಾವ ಛೆಟ್ರಿ?’ ಎಂದು ಕೇಳಿದಾಗ ಇಡೀ ತರಗತಿ ನನ್ನನ್ನು ಕನಿಕರದಿಂದ ನೋಡಿತು. ಅಂದು ನಾನು ಅವನ ಚೀಲದಲ್ಲಿದ್ದ ಚೆಂಡನ್ನು ಕಸಿದು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಆದರೆ ವಿದ್ಯಾರ್ಥಿಗಳಿಗೆಲ್ಲ ತಿಳಿದಿರುವ ಹೆಸರೊಂದು ಉಪಾಧ್ಯಾಯನಿಗೆ ತಿಳಿಯದಿರುವುದು ಮನಸ್ಸಿಗೆ ಹಿಡಿಸಲಿಲ್ಲ. ಅಲ್ಲಿಂದ ಮುಂದೆ ಕೇಳಿ, ಓದಿ, ಪಂದ್ಯಗಳನ್ನು ನೋಡಿ ನಾನು ತಿಳಿದುಕೊಂಡುದನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಕಾಲ್ಚೆಂಡಾಟ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಅದು ಬಹಳ ಹಿಂದೆಯೇ ಬೇರು ಬಿಟ್ಟಿತು. ರಾಜ್ಯ ರಾಜ್ಯಗಳ ನಡುವೆ ನಡೆಯುವ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡವು 1946ರಲ್ಲಿ, 1952ರಲ್ಲಿ, ಮತ್ತೆ 1967 ಹಾಗೂ 1968ರ ಋತುಗಳಲ್ಲಿ ಹೀಗೆ ನಾಲ್ಕು ಬಾರಿ ಗೆದ್ದಿತ್ತು. ಬೆಂಗಳೂರಿನಲ್ಲಿ 1926ರಲ್ಲಿ ಹುಟ್ಟಿದ ಅಹಮದ್ ಖಾನರು 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಬರಿಗಾಲಿನಲ್ಲಿ ಆಡಿದ ಭಾರತ ತಂಡದಲ್ಲಿದ್ದರು. ಆ ಕೂಟದಲ್ಲಿ ಫ್ರಾನ್ಸಿನ ಎದುರು ಅದೇ ತಂಡದ ಎಸ್. ರಾಮನ್ನರು ಹೊಡೆದ ಗೋಲು ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು. ಪಂದ್ಯವನ್ನು 2–1ರಿಂದ ಸೋತರೂ ಆ ಗೋಲು ಚರಿತ್ರೆಯಲ್ಲಿ ಉಳಿಯಿತು. ಮುಂದೆ ಅಹಮದ್ ಖಾನರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದರು. ಅವರನ್ನೂ ಅವರ ಜೊತೆಗಿನ ನಾಲ್ವರು ಮುನ್ನಡೆ ಆಟಗಾರರನ್ನೂ ಅಲ್ಲಿನ ಜನ ‘ಪಂಚಪಾಂಡವರು’ ಎಂದು ಕರೆದರು. ಪ್ರತಿಭೆಯುಳ್ಳ ಬೆಂಗಳೂರಿನ ಹುಡುಗನು ಹೊಟ್ಟೆಪಾಡಿಗಾಗಿಯೂ ಹೆಸರಿಗಾಗಿಯೂ ಕಲ್ಕತ್ತೆಯ ರೈಲು ಹತ್ತುವುದು ಅಂದಿನ ರೂಢಿ. 1968ರ ಋತುವಿನ ತರುವಾಯ ಸಂತೋಷ್ ಟ್ರೋಫಿ ಕೂಡ ನಮ್ಮ ಕೈಗೆ ಸಿಗದೆ ಹೋಯಿತು; ಅದು ಕರ್ನಾಟಕಕ್ಕೆ ಮರಳಿದುದು 54 ವರ್ಷಗಳ ಮೇಲೆ, 2023ರ ಮಾರ್ಚಿನಲ್ಲಿ. ಈ ದೀರ್ಘ ಬರಗಾಲದ ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಆಟಗಾರನೊಬ್ಬನು ಕಲ್ಕತ್ತೆಯಿಂದ ಬೆಂಗಳೂರಿನ ಕಡೆಗೆ ಬಂದು ಇಲ್ಲಿಯೇ ನೆಲೆನಿಂತ ಕಥೆಗೆ ಏಕೆ ಬೆಲೆ ಎಂಬುದು ಗೊತ್ತಾಗುತ್ತದೆ.

ಸುನಿಲ್ ಛೆಟ್ರಿಯವರು ಹುಟ್ಟಿದುದು 1984ರ ಆಗಸ್ಟ್ 3ರಂದು, ಸಿಕಂದರಾಬಾದಿನಲ್ಲಿ. ಮನೆತನ ನೇಪಾಳಿ ಮಾತಿನದು. ‘ಕ್ಷತ್ರಿಯ’ ಎಂಬ ಸಂಸ್ಕೃತ ಶಬ್ದವೇ ನೇಪಾಳಿಯಲ್ಲಿ ಸವೆದು ‘ಛೆತ್ರಿ’ ಎಂದಾಗಿದೆ; ನಮ್ಮಲ್ಲಿ ಕ್ಷಣವು ಆಡುಮಾತಿನಲ್ಲಿ ಚಣವಾದಂತೆ. ತಂದೆ ಸೈನ್ಯದ ಯಂತ್ರವಿಭಾಗದಲ್ಲಿದ್ದವರು, ಸೈನ್ಯದ ತಂಡಕ್ಕೆ ಕಾಲ್ಚೆಂಡಾಡಿದವರು. ತಾಯಿಯೂ ನೇಪಾಳದ ಮಹಿಳಾ ತಂಡದಲ್ಲಿ ಆಡಿದ್ದರು. ಮಗನ ಕಾಲಿಗೆ ಚೆಂಡು ಹತ್ತಿದುದರಲ್ಲಿ ಆಶ್ಚರ್ಯವಿಲ್ಲ. ಸೈನಿಕರ ಮಕ್ಕಳ ಪಾಡಿನಂತೆ ಊರೂರು ತಿರುಗಿ, ದಿಲ್ಲಿಯ ಸಿಟಿ ಕ್ಲಬ್ಬಿನಲ್ಲಿ ಆಡುತ್ತಿದ್ದ ಹುಡುಗನು 2002ರಲ್ಲಿ, ಹದಿನೆಂಟು ತುಂಬುವ ಹೊತ್ತಿಗೆ, ಕಲ್ಕತ್ತೆಯ ಮೋಹನ್ ಬಾಗಾನ್ ತಂಡಕ್ಕೆ ಆಯ್ಕೆಯಾದನು. ಆಗ ಅಲ್ಲಿ ತರಬೇತುದಾರರಾಗಿದ್ದವರು ಸುಬ್ರತ ಭಟ್ಟಾಚಾರ್ಯರು. ಹದಿನೈದು ವರ್ಷಗಳ ತರುವಾಯ, 2017ರಲ್ಲಿ, ಅದೇ ಗುರುಗಳ ಮಗಳೊಡನೆ ಶಿಷ್ಯನ ವಿವಾಹವಾಯಿತು. ಗುರುವೇ ಮಾವನಾದ ಪ್ರಸಂಗಗಳು ನಮ್ಮ ಪುರಾಣಗಳಲ್ಲಿ ಬರುವುದುಂಟು. ಕಾಲ್ಚೆಂಡಿನ ಪುರಾಣದಲ್ಲಿ ಇದೊಂದು.

ಇಲ್ಲಿ ಸ್ವಲ್ಪ ನಿಂತು, ಛೆಟ್ರಿಯವರು ಮಾಡುವ ಕೆಲಸ ಏನೆಂಬುದನ್ನು ನೋಡೋಣ. ಆಟದ ಬಯಲು ಸುಮಾರು 105 ಮೀಟರ್ ಉದ್ದ, 68 ಮೀಟರ್ ಅಗಲ. ಎರಡು ತುದಿಗಳಲ್ಲಿ ಗೋಲಿನ ಚೌಕಟ್ಟು. ಅದರ ಅಗಲ 24 ಅಡಿ, ಎತ್ತರ 8 ಅಡಿ. ಪಕ್ಷಕ್ಕೆ ಹನ್ನೊಂದು ಮಂದಿ. ಇವರಲ್ಲಿ ಎದುರಾಳಿಯ ಗೋಲಿನ ಹತ್ತಿರ ನಿಂತು, ಸಿಕ್ಕ ಚೆಂಡನ್ನು ಚೌಕಟ್ಟಿನೊಳಗೆ ಅಟ್ಟುವವನನ್ನು ಇಂಗ್ಲಿಷಿನಲ್ಲಿ ‘ಸ್ಟ್ರೈಕರ್’ ಎನ್ನುತ್ತಾರೆ. ಕನ್ನಡದಲ್ಲಿ ‘ಮುಂಚೂಣಿಯ ಆಟಗಾರ’ ಎನ್ನುವುದು ಸೊಗಸು. ಚೂಣಿ ಎಂದರೆ ಹಳಗನ್ನಡದಲ್ಲಿ ಸೇನೆಯ ಮುಂಭಾಗ. ಮೊದಲ ಪೆಟ್ಟು ಕೊಡುವವರೂ ಮೊದಲ ಪೆಟ್ಟು ತಿನ್ನುವವರೂ ಅಲ್ಲಿಯವರೇ.

ಹೊರಗಿನಿಂದ ನೋಡುವವರಿಗೆ ಇವನ ಕೆಲಸ ಸುಲಭವೆಂದು ತೋರುತ್ತದೆ. ಹತ್ತು ಮಂದಿ ದುಡಿದು ತಂದ ಚೆಂಡನ್ನು ಇವನು ಒಂದು ಸಲ ಒದೆಯುತ್ತಾನೆ, ಹೆಸರೆಲ್ಲ ಇವನದಾಗುತ್ತದೆ. ಆದರೆ ‘ಆಫ್‌ಸೈಡ್’ ಎಂಬ ನಿಯಮವೊಂದಿದೆ. ಎದುರಾಳಿಯ ಅರ್ಧಭಾಗದಲ್ಲಿ, ಜೊತೆಗಾರನು ಚೆಂಡನ್ನು ಮುಂದಕ್ಕೆ ಕಳುಹಿಸುವ ಆ ಕ್ಷಣದಲ್ಲಿ, ಮುಂಚೂಣಿಯವನು ಚೆಂಡಿಗಿಂತ ಮುಂದೆಯೂ ಎದುರಾಳಿಗಳ ಪೈಕಿ ಹಿಂಬದಿಯಿಂದ ಎರಡನೆಯವನಿಗಿಂತ ಮುಂದೆಯೂ ಇರಕೂಡದು. ಸಾಮಾನ್ಯವಾಗಿ ಕೊನೆಯವನು ಗೋಲು ಕಾಯುವವನೇ ಆಗಿರುವುದರಿಂದ, ಕೊನೆಯ ರಕ್ಷಕನ ಸಾಲನ್ನು ದಾಟಿ ಮೊದಲೇ ಹೋಗಿ ಕಾದು ನಿಲ್ಲುವಂತಿಲ್ಲ ಎಂದು ಅರ್ಥ. ಒಂದು ಹೆಜ್ಜೆ ಮುಂಚೆ ಹೊರಟರೆ ತಪ್ಪು; ಒಂದು ಹೆಜ್ಜೆ ತಡವಾದರೆ ಚೆಂಡು ಪರರ ಪಾಲು. ಆ ಸರಿಯಾದ ಕ್ಷಣವನ್ನು ಅರಿಯುವುದೇ ಮುಂಚೂಣಿಯವನ ವಿದ್ಯೆ. ನಮ್ಮ ಸೀಮೆಯ ಪೈಲವಾನರು ಪಟ್ಟು ಹಾಕುವ ಹೊತ್ತನ್ನು ಕುರಿತು ಹೇಳುವ ಮಾತು ಇದಕ್ಕೂ ಸಲ್ಲುತ್ತದೆ: ತೋಳಿಗೆ ಬಲ ಇದ್ದರೆ ಸಾಲದು, ಎದುರಿನವನ ಉಸಿರು ತಿಳಿಯಬೇಕು.

ಛೆಟ್ರಿಯವರು ಎತ್ತರದ ಆಳಲ್ಲ. ಐದು ಅಡಿ ಏಳು ಅಂಗುಲದ ಆಸುಪಾಸಿನವರು. ರಕ್ಷಕರಲ್ಲಿ ಹಲವರು ಆರಡಿ ಮೀರಿದವರು. ಆದರೂ ಅವರು ತಲೆಯಿಂದ ಹೊಡೆದ ಗೋಲುಗಳು ಬಹಳ. ಎತ್ತರದವನು ನಿಂತಲ್ಲಿಂದ ಜಿಗಿಯುತ್ತಾನೆ. ಇವರು ಎರಡು ಹೆಜ್ಜೆ ಹಿಂದಿನಿಂದ ಓಡಿಬಂದು, ಅವನಿಗಿಂತ ಅರೆಕ್ಷಣ ಮುಂಚೆ ಜಿಗಿದು, ಅವನು ಮೇಲೇರುವ ಹೊತ್ತಿಗೆ ಚೆಂಡನ್ನು ಮುಟ್ಟಿಬಿಟ್ಟಿರುತ್ತಾರೆ. ಇನ್ನೊಂದು ಅಭ್ಯಾಸ, ಎಡಬದಿಯಿಂದ ಒಳಕ್ಕೆ ತಿರುಗಿ ಬಲಗಾಲಿನಿಂದ ದೂರದ ಕಂಬದ ಕಡೆಗೆ ಚೆಂಡನ್ನು ಬಾಗಿಸಿ ಕಳುಹಿಸುವುದು. ಹೀಗೆಯೇ ಮಾಡುತ್ತಾರೆಂದು ಎದುರಾಳಿಗಳಿಗೆಲ್ಲ ಗೊತ್ತು. ಆದರೂ ತಡೆಯುವುದು ಕಷ್ಟ. ಬಾನುಲಿಯಲ್ಲಿಯೋ ದೂರದರ್ಶನದಲ್ಲಿಯೋ ಪಂದ್ಯದ ವಿವರಣೆಯನ್ನು ಕೇಳುವ ವಾಚಕರು ಇನ್ನು ಮುಂದೆ ಚೆಂಡು ಯಾರ ಬಳಿ ಇದೆ ಎಂಬುದರ ಜೊತೆಗೆ, ಚೆಂಡಿಲ್ಲದ ಮುಂಚೂಣಿಯವನು ಎಲ್ಲಿದ್ದಾನೆ ಎಂಬ ಕಡೆಗೂ ಲಕ್ಷ್ಯ ಕೊಟ್ಟರೆ ಆಟದ ಸ್ವಾರಸ್ಯ ಇಮ್ಮಡಿಯಾಗುತ್ತದೆ.

ಮತ್ತೆ ಕಥೆಗೆ ಬರೋಣ. 2005ರಲ್ಲಿ ಛೆಟ್ರಿಯವರು ಪಂಜಾಬಿನ ಜೆಸಿಟಿ ತಂಡಕ್ಕೆ ಹೋದರು. ಅದೇ ವರ್ಷ ಜೂನ್ 12ರಂದು ಪಾಕಿಸ್ತಾನದ ಕ್ವೆಟ್ಟಾದಲ್ಲಿ ದೇಶದ ಹಿರಿಯರ ತಂಡಕ್ಕಾಗಿ ಮೊದಲ ಪಂದ್ಯವನ್ನಾಡಿ, ಅದರಲ್ಲಿಯೇ ಗೋಲು ಹೊಡೆದರು. 2008ರ ಆಗಸ್ಟಿನಲ್ಲಿ ದಿಲ್ಲಿಯ ಅಂಬೇಡ್ಕರ್ ಕ್ರೀಡಾಂಗಣದಲ್ಲಿ ಏಷ್ಯಾ ಚಾಲೆಂಜ್ ಕಪ್ಪಿನ ಅಂತಿಮ ಪಂದ್ಯ ನಡೆಯಿತು. ಎದುರಾಳಿ ತಜಿಕಿಸ್ತಾನ. ಭಾರತ 4–1ರಿಂದ ಗೆದ್ದಿತು. ಅದರಲ್ಲಿ ಮೂರು ಗೋಲು ಛೆಟ್ರಿಯವರದು. ಆ ಗೆಲುವಿನ ಫಲವಾಗಿ ನಮ್ಮ ತಂಡ 2011ರ ಏಷ್ಯಾ ಕಪ್ಪಿನಲ್ಲಿ ಆಡುವ ಅರ್ಹತೆ ಪಡೆಯಿತು. ಅದಕ್ಕೆ ಮುಂಚೆ ಆಡಿದುದು 1984ರಲ್ಲಿ, ಎಂದರೆ ಛೆಟ್ರಿಯವರು ಹುಟ್ಟಿದ ವರ್ಷದಲ್ಲಿ. ದೋಹಾದಲ್ಲಿ ನಡೆದ ಆ ಕೂಟದಲ್ಲಿ ಭಾರತ ಮೂರು ಪಂದ್ಯಗಳನ್ನೂ ಸೋತಿತು. ಸೋಲಿನ ನಡುವೆ ಬಹರೇನಿನ ಮೇಲೂ ದಕ್ಷಿಣ ಕೊರಿಯದ ಮೇಲೂ ಒಂದೊಂದು ಗೋಲು ಛೆಟ್ರಿಯವರಿಂದ ಬಂದಿತು.

ಹೊರದೇಶದಲ್ಲಿ ಆಡಬೇಕೆಂಬ ಅವರ ಆಸೆಯ ಕಥೆ ಮಾತ್ರ ಅಷ್ಟು ಸುಖದ್ದಲ್ಲ. 2009ರಲ್ಲಿ ಇಂಗ್ಲೆಂಡಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ಬು ಅವರನ್ನು ಸೇರಿಸಿಕೊಳ್ಳಲು ಒಪ್ಪಿತ್ತು. ಆದರೆ ಆ ದೇಶದಲ್ಲಿ ಕೆಲಸದ ಪರವಾನಗಿ ಸಿಗಬೇಕಾದರೆ ಆಟಗಾರನ ದೇಶವು ಜಗತ್ತಿನ ಶ್ರೇಯಾಂಕದಲ್ಲಿ ಮೊದಲ ಎಪ್ಪತ್ತರೊಳಗೆ ಇರಬೇಕಾಗಿತ್ತು. ಭಾರತವು ನೂರರ ಆಚೆಗಿತ್ತು. ಪರವಾನಗಿ ಸಿಗಲಿಲ್ಲ. ಒಬ್ಬನ ಯೋಗ್ಯತೆಯನ್ನು ಅವನ ಊರಿನ ಹೆಸರಿನಿಂದ ಅಳೆದಂತಾಯಿತು ಇದು. ಸಣ್ಣ ಊರುಗಳಿಂದ ದೊಡ್ಡ ಪಟ್ಟಣಗಳಿಗೆ ಓದಲು ಹೋಗುವ ನಮ್ಮ ಮಕ್ಕಳಿಗೆ ಈ ಕಹಿ ಹೊಸದಲ್ಲ. 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿ ತಂಡವನ್ನೂ, 2012ರಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೆಯ ತಂಡವನ್ನೂ ಸೇರಿದರು. ಎರಡೂ ಕಡೆ ಬಯಲಿಗಿಳಿಯುವ ಅವಕಾಶ ಸಿಕ್ಕಿದುದು ಅತ್ಯಲ್ಪ. ನಡುನಡುವೆ ಈಸ್ಟ್ ಬೆಂಗಾಲ್, ಗೋವೆಯ ಡೆಂಪೊ, ಚಿರಾಗ್ ಯುನೈಟೆಡ್, ಮತ್ತೆ ಮೋಹನ್ ಬಾಗಾನ್, ಚರ್ಚಿಲ್ ಬ್ರದರ್ಸ್ ಎಂದು ಕ್ಲಬ್ಬಿನಿಂದ ಕ್ಲಬ್ಬಿಗೆ ಅಲೆದರು. ಇಪ್ಪತ್ತೊಂಬತ್ತು ತುಂಬುವ ಹೊತ್ತಿಗೆ ಅವರಿಗೆ ಹೆಸರಿತ್ತು. ತನ್ನದೆನ್ನುವ ಮನೆ ಇರಲಿಲ್ಲ.

ಆ ಮನೆ ಬೆಂಗಳೂರಿನಲ್ಲಿ ಸಿದ್ಧವಾಯಿತು. 2013ರ ಜುಲೈಯಲ್ಲಿ ಬೆಂಗಳೂರು ಎಫ್‌ಸಿ ಎಂಬ ಹೊಸ ಕ್ಲಬ್ಬು ಹುಟ್ಟಿತು. ಜೆಎಸ್‌ಡಬ್ಲ್ಯು ಉದ್ಯಮ ಸಮೂಹ ಅದರ ಒಡೆಯರು, ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್ ಮೊದಲ ತರಬೇತುದಾರರು, ಛೆಟ್ರಿಯವರು ನಾಯಕರು. ಹೊಸ ತಂಡ ಮೊದಲ ವರ್ಷ ಕಾಲೂರಿ ನಿಂತರೆ ಸಾಕೆಂಬುದು ತಿಳಿದವರ ಎಣಿಕೆ. ಆದರೆ ಕೂಸು ಹುಟ್ಟಿದ ವರ್ಷವೇ ತೇರು ಎಳೆಯಿತು. 2014ರ ಏಪ್ರಿಲಿನಲ್ಲಿ ಗೋವೆಯಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ, ದೇಶದ ಐ-ಲೀಗ್ ಪ್ರಶಸ್ತಿಯನ್ನು ಬೆಂಗಳೂರು ಗೆದ್ದುಕೊಂಡಿತು. ಆ ಋತುವಿನಲ್ಲಿ ಛೆಟ್ರಿಯವರ ಗೋಲುಗಳು 14. ಮುಂದೆ 2015ರ ಮೊದಲಲ್ಲಿ ಫೆಡರೇಷನ್ ಕಪ್, 2016ರಲ್ಲಿ ಮತ್ತೆ ಐ-ಲೀಗ್, 2017ರಲ್ಲಿ ಮತ್ತೆ ಫೆಡರೇಷನ್ ಕಪ್. ಈ ನಡುವೆ ಬೆಂಗಳೂರು ತಂಡ ಇಂಡಿಯನ್ ಸೂಪರ್ ಲೀಗಿನಲ್ಲಿ ಇರಲಿಲ್ಲವಾದುದರಿಂದ 2015 ಮತ್ತು 2016ರಲ್ಲಿ ಅವರು ಮುಂಬಯಿ ಸಿಟಿ ತಂಡಕ್ಕೆ ಎರವಲಾಗಿ ಹೋಗಿ ಆಡಿ ಬಂದರು.

ಕಂಠೀರವ ಕ್ರೀಡಾಂಗಣದ ಪಶ್ಚಿಮದ ಕಟ್ಟೆಯಲ್ಲಿ ನೀಲಿ ಅಂಗಿಯ ಅಭಿಮಾನಿಗಳ ಬಳಗವೊಂದು ನಿಲ್ಲುತ್ತದೆ. ನಿಲ್ಲುತ್ತದೆ ಎಂದೇ ಹೇಳಬೇಕು. ತೊಂಬತ್ತು ನಿಮಿಷ ಇವರು ಕುಳಿತುಕೊಳ್ಳುವುದಿಲ್ಲ. ಡೋಲು ಬಾರಿಸುತ್ತಾ, ಹಾಡುತ್ತಾ, ಸೋತರೂ ಗೆದ್ದರೂ ಧ್ವನಿ ತಗ್ಗಿಸದೆ ಇರುವುದು ಇವರ ವ್ರತ. ಪಂದ್ಯ ಮುಗಿದ ಮೇಲೆ ಆಟಗಾರರು ಆ ಕಟ್ಟೆಯ ಎದುರಿಗೆ ಸಾಲಾಗಿ ಬಂದು, ಅಭಿಮಾನಿಗಳೊಡನೆ ತಾಳಬದ್ಧವಾಗಿ ಕೈತಟ್ಟಿ ಹೋಗುತ್ತಾರೆ. ನಮ್ಮ ಜಾತ್ರೆಯ ಕುಸ್ತಿಯಲ್ಲಿ ಗೆದ್ದ ಪೈಲವಾನನು ಕಣದ ಸುತ್ತ ನಡೆದು ಜನರಿಗೆ ಕೈಮುಗಿಯುವಂತೆ ಇದು. ಕನ್ನಡಿಗರು, ತಮಿಳರು, ಈಶಾನ್ಯದವರು, ಮಲಯಾಳಿಗಳು ಎಂಬ ಭೇದವಿಲ್ಲದೆ ಊರಿನ ಹೆಸರನ್ನು ಒಟ್ಟಾಗಿ ಕೂಗುವ ಇಂಥ ಜಾಗಗಳು ಬೆಂಗಳೂರಿನಲ್ಲಿ ಹೆಚ್ಚಿಲ್ಲ.

ಆ ಕ್ರೀಡಾಂಗಣ ಕಂಡ ಒಂದು ರಾತ್ರಿಯನ್ನು ವಿಶೇಷವಾಗಿ ಹೇಳಬೇಕು. 2016ರ ಅಕ್ಟೋಬರ್ 19. ಎಎಫ್‌ಸಿ ಕಪ್ಪಿನ ಉಪಾಂತ್ಯ ಪಂದ್ಯದ ಎರಡನೆಯ ಸುತ್ತು. ಎದುರಾಳಿ ಮಲೇಷ್ಯಾದ ಜೊಹೊರ್ ತಂಡ, ಹಿಂದಿನ ವರ್ಷ ಅದೇ ಕಪ್ಪನ್ನು ಗೆದ್ದವರು. ಅವರ ಊರಿನಲ್ಲಿ ನಡೆದ ಮೊದಲ ಸುತ್ತು 1–1ರಲ್ಲಿ ಮುಗಿದಿತ್ತು. ಕಂಠೀರವದಲ್ಲಿ ಜೊಹೊರಿನವರೇ ಮೊದಲು ಗೋಲು ಹೊಡೆದರು. ಮೊದಲ ಅವಧಿ ಮುಗಿಯುವ ಮುಂಚೆ ಛೆಟ್ರಿಯವರು ತಲೆಯಿಂದ ಹೊಡೆದು ಸಮ ಮಾಡಿದರು. ಎರಡನೆಯ ಅವಧಿಯಲ್ಲಿ ಪೆನಾಲ್ಟಿ ಆವರಣದ ಹೊರಗಿನಿಂದಲೇ ಬೀಸಿದ ಚೆಂಡು ಗೋಲಿನ ಮೇಲ್ಮೂಲೆಯನ್ನು ಹೊಕ್ಕಿತು. ಸ್ಪೇನಿನ ಹುವಾನಾನ್ ಮೂರನೆಯದನ್ನು ಸೇರಿಸಿದರು. 3–1. ಏಷ್ಯಾಮಟ್ಟದ ಈ ಕಪ್ಪಿನ ಅಂತಿಮ ಪಂದ್ಯ ತಲುಪಿದ ಮೊದಲ ಭಾರತೀಯ ಕ್ಲಬ್ಬು ಬೆಂಗಳೂರು ಎಂದಾಯಿತು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಸೇನೆಯ ತಂಡದೆದುರು ಒಂದೇ ಒಂದು ಗೋಲಿನಿಂದ ಸೋತುದು ನಿಜ. ಆದರೆ ಮೂರು ವರ್ಷದ ತಂಡವೊಂದು ಅಲ್ಲಿಯವರೆಗೆ ನಡೆದುದು ಸಣ್ಣ ಮಾತಲ್ಲ.

2017ರಲ್ಲಿ ಬೆಂಗಳೂರು ಸೂಪರ್ ಲೀಗನ್ನು ಸೇರಿತು. ಮೊದಲ ವರ್ಷವೇ ಅಂತಿಮ ಪಂದ್ಯ. ಅದೂ ತವರಿನಲ್ಲಿ, 2018ರ ಮಾರ್ಚ್ 17ರಂದು. ಆರಂಭದಲ್ಲಿಯೇ ಛೆಟ್ರಿಯವರು ಗೋಲು ಹೊಡೆದರೂ ಚೆನ್ನೈಯಿನ್ ತಂಡ 3–2ರಿಂದ ಗೆದ್ದಿತು. ಸರಿಯಾಗಿ ಒಂದು ವರ್ಷದ ಮೇಲೆ, 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ, ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆಯವರು ತಲೆಯಿಂದ ಹೊಡೆದ ಗೋಲಿನಿಂದ ಗೋವಾ ತಂಡವನ್ನು ಸೋಲಿಸಿ ಬೆಂಗಳೂರು ಆ ಪ್ರಶಸ್ತಿಯನ್ನೂ ಪಡೆಯಿತು. 2018ರ ಸೂಪರ್ ಕಪ್, 2022ರ ಡ್ಯುರಾಂಡ್ ಕಪ್ ಕೂಡ ಈ ಸಾಲಿನಲ್ಲಿ ಸೇರುತ್ತವೆ. ಈ ಕ್ಲಬ್ಬಿಗಾಗಿ ಛೆಟ್ರಿಯವರು ಹೊಡೆದ ಗೋಲುಗಳು ನೂರನ್ನು ಎಂದೋ ದಾಟಿವೆ.

ದೇಶದ ತಂಡದ ಮಾತಿಗೆ ಬಂದರೆ, 2018ರ ಜೂನ್ ತಿಂಗಳ ಪ್ರಸಂಗ ಸ್ಮರಣೀಯ. ಮುಂಬಯಿಯಲ್ಲಿ ನಾಲ್ಕು ದೇಶಗಳ ಇಂಟರ್‌ಕಾಂಟಿನೆಂಟಲ್ ಕಪ್ ನಡೆಯುತ್ತಿತ್ತು. ಮೊದಲ ಪಂದ್ಯದಲ್ಲಿ ಛೆಟ್ರಿಯವರ ಮೂರು ಗೋಲುಗಳೊಡನೆ ಭಾರತವು ಚೀನಿ ತೈಪೆಯನ್ನು 5–0ರಿಂದ ಸೋಲಿಸಿತು. ನೋಡಲು ಬಂದಿದ್ದವರು ಸುಮಾರು ಎರಡೂವರೆ ಸಾವಿರ ಮಂದಿ. ಮರುದಿನ ನಾಯಕರು ತಾವೇ ಕ್ಯಾಮೆರಾದ ಮುಂದೆ ನಿಂತು ದೇಶದ ಜನರಲ್ಲಿ ಒಂದು ಬಿನ್ನಹ ಮಾಡಿಕೊಂಡರು. ನಮ್ಮನ್ನು ಬೈಯಿರಿ, ಟೀಕಿಸಿರಿ, ಆದರೆ ದಯವಿಟ್ಟು ಕ್ರೀಡಾಂಗಣಕ್ಕೆ ಬಂದು ನೋಡಿ ಹಾಗೆ ಮಾಡಿರಿ ಎಂಬುದು ಅದರ ತಾತ್ಪರ್ಯ. ಮುಂದಿನ ಪಂದ್ಯ ಕೀನ್ಯಾದ ಮೇಲೆ. ಅದು ಅವರ ನೂರನೆಯ ಅಂತಾರಾಷ್ಟ್ರೀಯ ಪಂದ್ಯ. ಟಿಕೀಟುಗಳೆಲ್ಲ ಮಾರಾಟವಾದವು. ಸುರಿಯುವ ಮಳೆಯಲ್ಲಿ ಜನ ನಿಂತು ನೋಡಿದರು. ಅವರು ಎರಡು ಗೋಲು ಹೊಡೆದರು. ಕೂಟದ ನಾಲ್ಕು ಪಂದ್ಯಗಳಲ್ಲಿ ಅವರ ಗೋಲುಗಳು ಒಟ್ಟು ಎಂಟು, ಕಪ್ಪೂ ಭಾರತದ್ದಾಯಿತು. ಗೆದ್ದ ಮರುದಿನ ಬೇಡಿಕೊಳ್ಳುವ ನಾಯಕನನ್ನು ನಾನು ಬೇರೆ ಎಲ್ಲಿಯೂ ಕಂಡಿಲ್ಲ. ಸೋತವರು ಬೇಡುವುದು ಸಹಜ. ಗೆದ್ದವನು ಬೇಡಿದುದು ತನಗಾಗಿ ಅಲ್ಲ ಎಂಬುದು ಸ್ಪಷ್ಟ.

2019ರ ಜನವರಿ 6ರಂದು ಅಬುಧಾಬಿಯ ಏಷ್ಯಾ ಕಪ್ಪಿನಲ್ಲಿ ಥಾಯ್ಲೆಂಡನ್ನು ಭಾರತ 4–1ರಿಂದ ಸೋಲಿಸಿತು. ಛೆಟ್ರಿಯವರದು ಎರಡು ಗೋಲು. ಆ ಕೂಟದಲ್ಲಿ ಭಾರತಕ್ಕೆ 1964ರ ತರುವಾಯ ದೊರೆತ ಮೊದಲ ಗೆಲುವು ಅದು. 2023ರಲ್ಲಿ ಬೆಂಗಳೂರಿನ ಕಂಠೀರವದಲ್ಲಿಯೇ ನಡೆದ ದಕ್ಷಿಣ ಏಷ್ಯಾ ಕೂಟದಲ್ಲಿ ಪಾಕಿಸ್ತಾನದ ಮೇಲೆ ಮೂರು ಗೋಲು ಹೊಡೆದರು. ಜುಲೈ 4ರ ಅಂತಿಮ ಪಂದ್ಯದಲ್ಲಿ ಕುವೈತನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ತಂಡ ಕಪ್ಪನ್ನೆತ್ತಿತು. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತಿನ ಎದುರು ಆಡಿ ದೇಶದ ತಂಡಕ್ಕೆ ವಿದಾಯ ಹೇಳಿದಾಗ ಅವರ ಲೆಕ್ಕ 151 ಪಂದ್ಯ, 94 ಗೋಲು. ಅಂದಿಗೆ ಜಗತ್ತಿನ ಪುರುಷ ಆಟಗಾರರಲ್ಲಿ ದೇಶಕ್ಕಾಗಿ ಇದಕ್ಕಿಂತ ಹೆಚ್ಚು ಗೋಲು ಹೊಡೆದವರು ಮೂವರೇ: ಪೋರ್ಚುಗಲ್ಲಿನ ರೊನಾಲ್ಡೊ, ಇರಾನಿನ ಅಲಿ ದಾಯಿ, ಅರ್ಜೆಂಟೀನದ ಮೆಸ್ಸಿ.

ಈ ಅಂಕೆಯನ್ನು ಕಂಡು ಕೆಲವರು ಹುಬ್ಬೇರಿಸುವುದುಂಟು. ಛೆಟ್ರಿಯವರ ಬಹುಪಾಲು ಗೋಲುಗಳು ನೆರೆಯ ಸಣ್ಣ ದೇಶಗಳ ಮೇಲೆ ಬಂದವು, ಮೆಸ್ಸಿಯವರೊಡನೆ ಹೋಲಿಸುವುದು ಸಲ್ಲದು ಎಂಬುದು ಅವರ ವಾದ. ವಾದದಲ್ಲಿ ಸತ್ಯಾಂಶವಿದೆ. ಛೆಟ್ರಿಯವರು ಸ್ವತಃ ಆ ಹೋಲಿಕೆಯನ್ನು ಎಂದೂ ಒಪ್ಪಿದವರಲ್ಲ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಮೆಸ್ಸಿಯವರ ಕಾಲಿಗೆ ಚೆಂಡನ್ನು ತಂದು ಒಪ್ಪಿಸುವವರು ಜಗತ್ತಿನ ಶ್ರೇಷ್ಠ ಆಟಗಾರರು. ಛೆಟ್ರಿಯವರು ಆಡಿದುದು ಬಹುಕಾಲ ಶ್ರೇಯಾಂಕದಲ್ಲಿ ನೂರರ ಆಚೆಗೇ ಇದ್ದ ತಂಡದಲ್ಲಿ. ಒಂದು ಪಂದ್ಯಕ್ಕೆ ಒಂದೆರಡು ಅವಕಾಶ ಸಿಕ್ಕರೆ ಹೆಚ್ಚು. ಅಂಥಲ್ಲಿ ಹತ್ತು ಪಂದ್ಯಗಳಿಗೆ ಆರಕ್ಕೂ ಮಿಕ್ಕ ಗೋಲುಗಳಂತೆ ಹತ್ತೊಂಬತ್ತು ವರ್ಷ ನಡೆಸಿಕೊಂಡು ಬರುವುದು ಬೇರೆಯೇ ಸಾಧನೆ. ನೀರಾವರಿಯ ಕಬ್ಬಿನ ಇಳುವರಿಯನ್ನೂ ಮಳೆಯಾಶ್ರಿತ ಜೋಳದ ಇಳುವರಿಯನ್ನೂ ಒಂದೇ ಅಳತೆಯಿಂದ ಅಳೆಯುವ ರೈತ ನಮ್ಮ ತಾಲೂಕಿನಲ್ಲಿಲ್ಲ.

ಹಿರಿಮೆಯನ್ನು ಮಾತ್ರ ಹೇಳಿ ವಿವಾದವನ್ನು ಬಿಡುವುದು ಸರಿಯಲ್ಲ. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಎದುರಿನ ನಿರ್ಣಾಯಕ ಪಂದ್ಯ ಗೋಲಿಲ್ಲದೆ ಹೆಚ್ಚುವರಿ ಸಮಯಕ್ಕೆ ಹೋಯಿತು. 96ನೆಯ ನಿಮಿಷದಲ್ಲಿ ಬೆಂಗಳೂರಿಗೆ ಒಂದು ಫ್ರೀ ಕಿಕ್ ದೊರೆಯಿತು. ಕೇರಳದವರು ಅಡ್ಡಗೋಡೆಯಂತೆ ಸಾಲುಗಟ್ಟುವ ಸನ್ನಾಹದಲ್ಲಿದ್ದರು. ಗೋಲು ಕಾಯುವವನೂ ತನ್ನ ಜಾಗದಲ್ಲಿರಲಿಲ್ಲ. ಅಷ್ಟರಲ್ಲಿ ಛೆಟ್ರಿಯವರು ಚೆಂಡನ್ನು ಮೆಲ್ಲಗೆ ಎತ್ತಿ ಬರಿದಾದ ಗೋಲಿಗೆ ಕಳುಹಿಸಿದರು. ತೀರ್ಪುಗಾರರು ಗೋಲೆಂದು ಸಾರಿದರು. ಪ್ರತಿಭಟಿಸಿ ಕೇರಳದ ತಂಡ ಬಯಲು ಬಿಟ್ಟು ಹೊರನಡೆಯಿತು. ಪಂದ್ಯ ಬೆಂಗಳೂರಿನದೆಂದು ತೀರ್ಮಾನವಾಯಿತು. ಮುಂದೆ ಕೇರಳದ ಕ್ಲಬ್ಬಿಗೆ ನಾಲ್ಕು ಕೋಟಿ ರೂಪಾಯಿ ದಂಡವೂ ಬಿದ್ದಿತು.

ಇಲ್ಲಿ ನಿಯಮವೇನು? ತಪ್ಪಿಗೆ ಗುರಿಯಾದ ಪಕ್ಷವು ಬಯಸಿದರೆ ಫ್ರೀ ಕಿಕ್ಕನ್ನು ಕೂಡಲೇ ಹೊಡೆಯಬಹುದು. ಎದುರಾಳಿಗಳು ಹತ್ತು ಗಜ ದೂರ ಸರಿಯಲೆಂದು ಅದೇ ಪಕ್ಷ ಕೇಳಿಕೊಂಡರೆ ಮಾತ್ರ ತೀರ್ಪುಗಾರರ ಸೀಟಿಗಾಗಿ ಕಾಯಬೇಕು. ತಾವು ಕೇಳಿಕೊಂಡಿರಲಿಲ್ಲ ಎಂಬುದು ಛೆಟ್ರಿಯವರ ನಿಲುವು. ಗೋಡೆ ಕಟ್ಟಲು ಅವಕಾಶ ಕೊಟ್ಟಿದ್ದರೆಂಬುದು ಕೇರಳದವರ ದೂರು. ಶಿಸ್ತಿನ ಸಮಿತಿ ಗೋಲನ್ನು ಎತ್ತಿಹಿಡಿಯಿತು. ನಮ್ಮ ತರಗತಿಯಲ್ಲಿ ಇದರ ಮೇಲೆ ಒಂದು ಗಂಟೆ ಚರ್ಚೆ ನಡೆಯಿತು. ‘ಭೀಮ ದುರ್ಯೋಧನನ ತೊಡೀಗೆ ಹೊಡದಂಗ ಆತಲ್ರೀ’ ಎಂದನೊಬ್ಬ. ಗದಾಯುದ್ಧದಲ್ಲಿ ಸೊಂಟದ ಕೆಳಗೆ ಹೊಡೆಯುವುದು ನಿಯಮಕ್ಕೆ ವಿರುದ್ಧ. ಇಲ್ಲಿ ನಿಯಮ ಮುರಿಯಲಿಲ್ಲ, ಆದುದರಿಂದ ಹೋಲಿಕೆ ಸಲ್ಲದು ಎಂದು ನಾನು ಹೇಳಿದೆ. ‘ಹಂಗಾದ್ರ ಅದು ಛಲೋನೇನ್ರೀ ಸರ?’ ಎಂದು ಇನ್ನೊಬ್ಬ ಕೇಳಿದನು. ವ್ಯಾಕರಣಕ್ಕೆ ಸರಿಯಾದ ವಾಕ್ಯವೆಲ್ಲ ಔಚಿತ್ಯಕ್ಕೂ ಸರಿಯಾಗಬೇಕೆಂದಿಲ್ಲ ಎಂದು ಅಲಂಕಾರಶಾಸ್ತ್ರ ಹೇಳುತ್ತದೆ. ಸಿದ್ಧನಿಲ್ಲದವನ ಮೇಲಿನ ಗೆಲುವು ಗೆಲುವೇ. ಆದರೆ ಆ ಗೋಲನ್ನು ಅವರ ಶ್ರೇಷ್ಠ ಗೋಲುಗಳ ಪಟ್ಟಿಯಲ್ಲಿ ನಾನು ಸೇರಿಸಲಾರೆ. ಎಚ್ಚರ ತಪ್ಪಬಾರದೆಂಬ ಪಾಠವಂತೂ ಕೇರಳದವರಿಗೆ ದುಬಾರಿಯಾಯಿತು.

ವಿದಾಯದ ಮೇಲೆ ಕಥೆ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ದೇಶದ ತಂಡವನ್ನು ಬಿಟ್ಟರೂ ಬೆಂಗಳೂರಿಗೆ ಆಡುವುದನ್ನು ಅವರು ಬಿಡಲಿಲ್ಲ. 2024ರ ಡಿಸೆಂಬರ್ 7ರಂದು, ನಲವತ್ತು ತುಂಬಿದ ಮೇಲೆ, ಅದೇ ಕಂಠೀರವದಲ್ಲಿ ಅದೇ ಕೇರಳ ತಂಡದ ಮೇಲೆ ಮೂರು ಗೋಲು ಹೊಡೆದರು. ಈ ಸಲ ಯಾರೂ ತಕರಾರು ಎತ್ತುವಂತಿರಲಿಲ್ಲ. ಆ ಋತುವಿನ ಲೀಗಿನಲ್ಲಿ ಅವರದು 14 ಗೋಲುಗಳು; ಭಾರತೀಯ ಆಟಗಾರರಲ್ಲಿ ಅದಕ್ಕಿಂತ ಹೆಚ್ಚು ಯಾರದೂ ಇಲ್ಲ. ಇಪ್ಪತ್ತೊಂಬತ್ತರ ಪ್ರಾಯದಲ್ಲಿ ಬೆಂಗಳೂರಿನ ಮೊದಲ ಐ-ಲೀಗಿನಲ್ಲಿ ಹೊಡೆದುದೂ ಹದಿನಾಲ್ಕೇ ಎಂಬುದನ್ನು ವಾಚಕರು ಗಮನಿಸಬೇಕು. ಊಟ, ನಿದ್ದೆ, ವ್ಯಾಯಾಮಗಳಲ್ಲಿ ಅವರು ಪಾಲಿಸಿದ ಕಟ್ಟುನಿಟ್ಟೇ ಇದರ ಗುಟ್ಟು. 2025ರ ಮಾರ್ಚಿನಲ್ಲಿ ತಂಡಕ್ಕೆ ಗೋಲುಗಳ ಕೊರತೆಯಾಗಿ ದೇಶ ಮತ್ತೆ ಅವರನ್ನೇ ಕರೆಯಿತು. ಷಿಲ್ಲಾಂಗಿನಲ್ಲಿ ಮಾಲ್ದೀವ್ಸ್ ಮೇಲೆ ತಲೆಯಿಂದಲೇ ಹೊಡೆದು 95ನೆಯ ಗೋಲನ್ನು ಸೇರಿಸಿದರು.

ನಲವತ್ತು ದಾಟಿದ ಆಟಗಾರನಿಗೆ ಇದು ಕೀರ್ತಿ. ಅವನನ್ನು ಮರಳಿ ಕರೆಯಬೇಕಾದ ನೂರನಲವತ್ತು ಕೋಟಿ ಜನರ ದೇಶಕ್ಕೆ? ಅರ್ಜುನ ಪ್ರಶಸ್ತಿ, ಪದ್ಮಶ್ರೀ, 2021ರ ಖೇಲ್ ರತ್ನ ಎಲ್ಲವನ್ನೂ ಕೊಟ್ಟು ನಾವು ಅವರನ್ನು ಗೌರವಿಸಿದೆವು. ಅವರ ಜಾಗದಲ್ಲಿ ನಿಲ್ಲುವವನೊಬ್ಬನನ್ನು ಬೆಳೆಸಲಿಲ್ಲ. ಸಂಘಸಂಸ್ಥೆಗಳ ಮೇಲೆ ಇದರ ಹೊಣೆಯನ್ನು ಹೊರಿಸುವುದು ಸುಲಭ. ಆದರೆ ಮುಂಚೂಣಿಯ ಆಟಗಾರನು ಹದಿನೆಂಟನೆಯ ವಯಸ್ಸಿನಲ್ಲಿ ತಯಾರಾಗುವುದಿಲ್ಲ. ಓಡುವ ಕ್ಷಣ ಯಾವುದೆಂಬುದನ್ನು ಕಾಲು ಕಲಿಯುವುದು ಹತ್ತು, ಹನ್ನೆರಡರ ಪ್ರಾಯದಲ್ಲಿ, ಊರಿನ ಬಯಲುಗಳಲ್ಲಿ. ಆ ಪ್ರಾಯದ ಮಕ್ಕಳು ಸಂಜೆ ಹೊತ್ತು ಎಲ್ಲಿರುತ್ತಾರೆಂದು ವಾಚಕರು ತಮ್ಮ ತಮ್ಮ ಮನೆಗಳಲ್ಲಿಯೇ ನೋಡಿಕೊಳ್ಳಬಹುದು. ಟ್ಯೂಷನ್ನಿನಲ್ಲಿ ಇಲ್ಲದಿದ್ದರೆ ಕೈಯಲ್ಲಿ ಫೋನು ಹಿಡಿದು ಕುಳಿತಿರುತ್ತಾರೆ. ಚೆಂಡು ಎಲ್ಲಿದೆ ಎಂದರೆ, ನನ್ನಂಥ ಉಪಾಧ್ಯಾಯನೊಬ್ಬನ ಕಪಾಟಿನಲ್ಲಿ.

ಛೆಟ್ರಿಯವರ ತಂದೆತಾಯಿಗಳು ತಾವೂ ಆಡಿದವರು, ಮಗನನ್ನು ತಡೆಯಲಿಲ್ಲ. ಎಲ್ಲ ಮಕ್ಕಳೂ ಛೆಟ್ರಿಯಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಒಂದು ಊರಿನ ಸಾವಿರ ಹುಡುಗರು ಆಡಿದರೆ ಮಾತ್ರ ಅವರಲ್ಲಿ ಒಬ್ಬನಿಗೆ ಆ ವಿದ್ಯೆ ಇದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ. ಆಡದ ಊರಿನಲ್ಲಿ ಅದು ಇದ್ದರೂ ತಿಳಿಯುವುದಿಲ್ಲ.

ಈ ಲೇಖನವನ್ನು ಬರೆದು ಮುಗಿಸಿದ ಮೇಲೆ ಕಪಾಟಿನ ಬೀಗ ತೆಗೆದೆ. ಚೆಂಡಿನ ಗಾಳಿ ಇಳಿದುಹೋಗಿತ್ತು. ಸ್ಟೇಷನ್ ರಸ್ತೆಯ ಸೈಕಲ್ ಅಂಗಡಿಗೆ ಒಯ್ದು ಗಾಳಿ ತುಂಬಿಸಿ, ಮರುದಿನ ಆ ಹುಡುಗನ ಕೈಗೆ ಕೊಟ್ಟೆ. ಸಂಧಿಪ್ರಕರಣವನ್ನು ಬಾಯಿಪಾಠ ಒಪ್ಪಿಸಬೇಕೆಂದು ಷರತ್ತನ್ನೂ ಹಾಕಿದೆ. ಲೋಪ, ಆಗಮ, ಆದೇಶ ಎಂದು ಮೂರು ಹೆಸರು ಹೇಳುವಷ್ಟರಲ್ಲಿ ಅವನ ಕಣ್ಣು ಕಿಟಕಿಯ ಹೊರಗಿನ ಬಯಲಿನ ಮೇಲಿತ್ತು. ಉಳಿದುದನ್ನು ಸೋಮವಾರ ಒಪ್ಪಿಸೆಂದು ಹೇಳಿ ಕಳುಹಿಸಿದೆ.